ಎಲೆಯೊಳಗಿನ ಪ್ರೊಟಿಯೇಸ್ ಅಳೆಯುವ ಬಗೆ

ಪಪ್ಪಾಯಿ ಮತ್ತು ಎಕ್ಕ, ದಾವಣಗೆರೆ–ಹರಿಹರದ ಹಿತ್ತಲು, ರಸ್ತೆಬದಿಗಳಲ್ಲಿ ಹುಡುಕದೆಯೇ ಸಿಗುವ ಗಿಡಗಳು. ಎರಡರ ಹಾಲಿನಲ್ಲೂ ಪ್ರೊಟೀನನ್ನು ತುಂಡರಿಸುವ ಪ್ರೊಟಿಯೇಸ್ ಕಿಣ್ವಗಳಿವೆ. ಪದವಿ ವಿದ್ಯಾರ್ಥಿಗಳ ಪ್ರಾಜೆಕ್ಟಿಗೆ ಇವು ತಕ್ಕ ಎಲೆಗಳು. ಆದರೆ ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಕೈಗವಸು, ಕನ್ನಡಕ ಇಲ್ಲದೆ ಮುಟ್ಟಬೇಡಿ.

ಹೋಲಿಸುವ ಗಿಡಗಳಲ್ಲಿ ಒಂದೇ ಪ್ರಾಯದ ಎಲೆ ಆರಿಸಿ. ಹಣ್ಣಾಗುವ ಎಲೆಯಿಂದ ಗಿಡ ಸಾರಜನಕವನ್ನು ಹಿಂದಕ್ಕೆಳೆದುಕೊಳ್ಳುವಾಗ ಪ್ರೊಟಿಯೇಸ್ ಹೆಚ್ಚುತ್ತದೆ. ಹರಿಹರದಲ್ಲಿ ಕಿತ್ತು ತೋಳಹುಣಸೆಯ ವಿಶ್ವವಿದ್ಯಾಲಯದ ಕಡೆ ಒಯ್ಯುವುದಾದರೆ ಐಸ್ ಡಬ್ಬಿ ಬೇಕೇ ಬೇಕು. ನಮ್ಮ ಏಪ್ರಿಲ್ ಬಿಸಿಲಿಗೆ ಎಲೆ ದಾರಿಯಲ್ಲೇ ಬಾಡುತ್ತದೆ.

1 ಗ್ರಾಂ ಎಲೆಯನ್ನು ತಣ್ಣಗಿನ ಕಲ್ಲಿನಲ್ಲಿ 10 ಮಿ.ಲೀ. ಫಾಸ್ಫೇಟ್ ಬಫರ್ (ಪಿಎಚ್ 7) ಹಾಕಿ ಅರೆಯಿರಿ. ಪಪ್ಪಾಯಿ ಕಿಣ್ವ ಚುರುಕಾಗಲು ಬಫರಿಗೆ ತುಸು ಸಿಸ್ಟೀನ್ ಸೇರಿಸಿ. ಬಟ್ಟೆಯಲ್ಲಿ ಸೋಸಿ, ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ತಿಳಿ ರಸವನ್ನು ಐಸಿನಲ್ಲಿಡಿ. ತಡ ಮಾಡಿದರೆ ಕಿಣ್ವಗಳು ಒಂದನ್ನೊಂದು ತುಂಡರಿಸತೊಡಗುತ್ತವೆ.

2 ಮಿ.ಲೀ. ಶೇ 1ರ ಕೇಸಿನ್ ದ್ರಾವಣಕ್ಕೆ 0.5 ಮಿ.ಲೀ. ರಸ ಹಾಕಿ 37 ಡಿಗ್ರಿಯಲ್ಲಿ 30 ನಿಮಿಷ ಬಿಡಿ. ಬಳಿಕ 2.5 ಮಿ.ಲೀ. ಶೇ 10ರ ಟ್ರೈಕ್ಲೋರೋ ಅಸಿಟಿಕ್ ಆಮ್ಲ ಸುರಿದು ನಿಲ್ಲಿಸಿ. ಚರ್ಮ ಸುಡುವ ಆಮ್ಲವಿದು, ಜೋಪಾನ. ಉಳಿದ ಕೇಸಿನ್ ಗಡ್ಡೆಕಟ್ಟುತ್ತದೆ, ತುಂಡಾದದ್ದು ಸೋಸಿದ ನೀರಿನಲ್ಲಿ ಉಳಿಯುತ್ತದೆ. ಆ ನೀರಿನ 1 ಮಿ.ಲೀ.ಗೆ ಸೋಡಿಯಂ ಕಾರ್ಬೊನೇಟ್, ಫೋಲಿನ್ ದ್ರಾವಣ ಹಾಕಿ, ನೀಲಿ ಬಣ್ಣವನ್ನು 660 ನ್ಯಾನೋಮೀಟರಿನಲ್ಲಿ ಓದಿ, ಟೈರೋಸಿನ್ ಗ್ರಾಫಿಗೆ ಹೋಲಿಸಿ.

ಎಲ್ಲಕ್ಕಿಂತ ಮುಖ್ಯವಾದದ್ದು ಬ್ಲ್ಯಾಂಕ್. ಎಲೆಯ ಒಗರು ಫೀನಾಲ್‌ಗಳೂ ನೀವು ಹಾಕಿದ ಸಿಸ್ಟೀನೂ ಫೋಲಿನ್ ಜೊತೆ ನೀಲಿಯಾಗುತ್ತವೆ. ಹಾಗಾಗಿ ಪ್ರತಿ ರಸಕ್ಕೂ ಇನ್ನೊಂದು ನಳಿಗೆಯಿಡಿ. ಅದರಲ್ಲಿ ಮೊದಲು ಆಮ್ಲ, ಆಮೇಲೆ ರಸ. ಈ ಓದನ್ನು ಕಳೆಯದೆ ಬರೆದ ಅಂಕಿಯನ್ನು ನಾನಂತೂ ಒಪ್ಪಲಾರೆ.

ಕಳೆದ ಮೇಲೆ 1 ಮಿ.ಲೀ.ನಲ್ಲಿ 12 ಮೈಕ್ರೋಗ್ರಾಂ ಟೈರೋಸಿನ್ ಬಂತೆನ್ನಿ. ಒಟ್ಟು 5 ಮಿ.ಲೀ.ಗೆ 60, ನಿಮಿಷಕ್ಕೆ 2. ಬಳಸಿದ್ದು ರಸದ 20ರಲ್ಲೊಂದು ಪಾಲು. ಆದ್ದರಿಂದ 1 ಗ್ರಾಂ ಎಲೆಗೆ ನಿಮಿಷಕ್ಕೆ 40 ಮೈಕ್ರೋಗ್ರಾಂ.

ಯಂತ್ರವಿಲ್ಲದ ಶಾಲೆಗಳಿಗೆ ಹಳೆಯ ಎಕ್ಸ್‌ರೇ ಫಿಲ್ಮ್ ಸಾಕು. ರಾಸಾಯನಿಕದಲ್ಲಿ ತೊಳೆದು ತಯಾರಿಸಿದ ಫಿಲ್ಮೇ ಆಗಬೇಕು. ಅದರ ಕಪ್ಪು ಪದರಕ್ಕೆ ಜೆಲಟಿನ್ ಆಧಾರ. ರಸದ ಹನಿಯಿಟ್ಟು, ಒಣಗದಂತೆ ಮುಚ್ಚಿ, ಅರ್ಧ ತಾಸಿನ ಮೇಲೆ ತೊಳೆದರೆ ಕಿಣ್ವವಿದ್ದಲ್ಲಿ ಫಿಲ್ಮ್ ತಿಳಿಯಾಗುತ್ತದೆ. ಪಕ್ಕದಲ್ಲಿ ಕುದಿಸಿದ ರಸದ ಹನಿಯೂ ಇರಲಿ. ಅಲ್ಲೂ ಕಲೆ ಬಿದ್ದರೆ ರಸವನ್ನು ಇನ್ನಷ್ಟು ಹೊತ್ತು ಕುದಿಸಿ. ಪಪ್ಪಾಯಿ ಕಿಣ್ವ ಬಿಸಿಗೆ ಬೇಗ ಸೋಲುವುದಿಲ್ಲ.