ಹಲಸಿನ ಮರ ಕಡಿಯುವ ಮುನ್ನ ತಳಿ ಉಳಿಸಿರಿ

ಹೊಲದ ಬದುವಿನಲ್ಲಾಗಲಿ, ಹಿತ್ತಲಿನಲ್ಲಾಗಲಿ ವಿಶೇಷ ಆರೈಕೆಯಿಲ್ಲದೆ ಬೆಳೆಯುವ ನಿತ್ಯಹಸಿರು ಮರ ಹಲಸು. ಮಲೆನಾಡಿನ ಕಾಫಿ ತೋಟಗಳಲ್ಲಿ ಇದು ನೆರಳಿಗೂ ಮೆಣಸಿನ ಬಳ್ಳಿಯ ಆಸರೆಗೂ ಒದಗುತ್ತದೆ. ಮರ ಬಲಿತಂತೆ ನಾಟಾ ವ್ಯಾಪಾರಿಗಳು ಬಾಗಿಲಿಗೆ ಬರುತ್ತಾರೆ. ಮದುವೆಗೋ ಮನೆ ಕಟ್ಟುವುದಕ್ಕೋ ಹಣ ಬೇಕಾದಾಗ ರೈತನ ಕಣ್ಣು ಮೊದಲು ಬೀಳುವುದೂ ಈ ಮರದ ಮೇಲೆಯೇ. ಮಾರುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಅದು ಉತ್ತಮ ಹಣ್ಣಿನ ಮರವಾಗಿದ್ದರೆ ಮರದೊಂದಿಗೆ ಆ ತಳಿಯೂ ಅಳಿದುಹೋಗುತ್ತದೆ.

ಬೀಜ ಹಾಕಿದ್ದೇವಲ್ಲ ಎಂದು ಹಲವರು ಹೇಳುವುದುಂಟು. ಬೀಜದ ಗಿಡ ತಾಯಿ ಮರವನ್ನೇ ಹೋಲುತ್ತದೆಂಬ ಭರವಸೆಯಿಲ್ಲ. ಹಲಸಿನಲ್ಲಿ ಗಂಡು ಮತ್ತು ಹೆಣ್ಣು ಹೂಗೊಂಚಲುಗಳು ಒಂದೇ ಮರದಲ್ಲಿ ಬೇರೆ ಬೇರೆಯಾಗಿ ಬಿಡುತ್ತವೆ. ಬೇರೆ ಮರದ ಪರಾಗವೂ ಬಂದು ಸೇರುತ್ತದೆ. ಹೀಗಾಗಿ ಗಟ್ಟಿ ತೊಳೆಯ ಬಕ್ಕೆ ಹಲಸಿನ ಬೀಜದಿಂದ ಮೆತ್ತಗಿನ ಅಂಬಲಿ ಹಲಸು ಹುಟ್ಟಬಹುದು. ಅದು ತಿಳಿಯುವ ಹೊತ್ತಿಗೆ ಏಳೆಂಟು ವರ್ಷಗಳು ಕಳೆದಿರುತ್ತವೆ. (ಎಳೆಗಾಯಿ ಕಪ್ಪಾಗಿ ಉದುರುತ್ತಿದೆ ಎಂದು ಗಾಬರಿಯಾಗುವವರು ಮೊದಲು ಅದು ಗಂಡು ಹೂಗೊಂಚಲೇ ಎಂದು ನೋಡಬೇಕು. ಪರಾಗ ಚೆಲ್ಲಿದ ಮೇಲೆ ಅದು ಉದುರುವುದು ಸಹಜ. ಅದಕ್ಕೆ ಔಷಧಿ ಸಿಂಪಡಿಸುವುದು ದಂಡ.)

ಒಂದೇ ಮರದ ಬೆಲೆ ಎಷ್ಟಾಗಬಹುದೆಂಬುದಕ್ಕೆ ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ಚೇಳೂರಿನ ಮರವೇ ಸಾಕ್ಷಿ. ರೈತರೊಬ್ಬರ ಜಮೀನಿನಲ್ಲಿ ಬೀಜದಿಂದ ಬೆಳೆದ ಆ ಮರದ ಹಣ್ಣು ಸುಮಾರು ಎರಡೂವರೆ ಕಿಲೋ ಮಾತ್ರ ತೂಗುತ್ತದೆ, ತೊಳೆ ತಾಮ್ರಗೆಂಪು. ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯು ಹಿರೇಹಳ್ಳಿಯ ತನ್ನ ಕೇಂದ್ರದ ಮೂಲಕ ಇದನ್ನು ಗುರುತಿಸಿ 'ಸಿದ್ದು' ಎಂಬ ಹೆಸರಿನಲ್ಲಿ ಕಸಿ ಗಿಡ ಮಾಡಿ ಮಾರಲು 2017ರಲ್ಲಿ ಮರದ ಒಡೆಯರೊಂದಿಗೆ ಒಪ್ಪಂದ ಮಾಡಿಕೊಂಡಿತು. ಆ ಮರ ಅದಕ್ಕೂ ಮೊದಲೇ ನಾಟಾ ಆಗಿದ್ದರೆ ಸಿದ್ದು ಹಲಸೇ ಇರುತ್ತಿರಲಿಲ್ಲ.

ತಳಿ ಉಳಿಸಲು ಮೃದುಕಾಂಡ ಕಸಿ ಸೂಕ್ತ. ಹಲಸಿನ ಬೀಜ ಬಹುಬೇಗ ಮೊಳೆಯುವ ಶಕ್ತಿ ಕಳೆದುಕೊಳ್ಳುವುದರಿಂದ ಹಣ್ಣಿನಿಂದ ತೆಗೆದ ಕೂಡಲೇ ಪಾಲಿಥೀನ್ ಚೀಲದಲ್ಲಿ ಬಿತ್ತಬೇಕು. ಇದರ ತಾಯಿಬೇರು ಪೆಟ್ಟು ಸಹಿಸದು. ಮಡಿಯಲ್ಲಿ ಬೆಳೆಸಿ ಕಿತ್ತು ನೆಡುವ ಪದ್ಧತಿ ಇಲ್ಲಿ ಬೇಡ. ಕಸಿಕಡ್ಡಿಗೆ ಆಯ್ದ ಮರದ ಮೂರು ನಾಲ್ಕು ತಿಂಗಳ ತುದಿರೆಂಬೆಗಳನ್ನು ಗುರುತಿಸಿ, ಕಸಿಗೆ ಎಂಟು ಹತ್ತು ದಿನ ಮೊದಲೇ ತೊಟ್ಟು ಉಳಿಸಿ ಎಲೆ ಕತ್ತರಿಸಿಬಿಡಬೇಕು. ಆಗ ತುದಿಮೊಗ್ಗು ಉಬ್ಬಿ ಕಸಿಗೆ ಸಿದ್ಧವಾಗುತ್ತದೆ. ಬುಡಗಿಡದ ತಲೆ ಕತ್ತರಿಸಿ ನಡುವೆ ಸೀಳಿ, ಅಷ್ಟೇ ದಪ್ಪದ ಕಡ್ಡಿಯ ಬುಡವನ್ನು ಬೆಣೆಯಂತೆ ಕೆತ್ತಿ ಕೂಡಿಸಿ ಪಾಲಿಥೀನ್ ಪಟ್ಟಿಯಿಂದ ಬಿಗಿಯಾಗಿ ಕಟ್ಟಬೇಕು. ತೊಗಟೆಗೆ ತೊಗಟೆ ಕೂಡಬೇಕು, ಕನಿಷ್ಠ ಒಂದು ಬದಿಯಲ್ಲಾದರೂ. ಹಲಸು ಮಾವಿನಷ್ಟು ಸುಲಭವಾಗಿ ಕೂಡುವುದಿಲ್ಲ. ಒಸರುವ ಸೊನೆಯನ್ನು ಶುದ್ಧ ಬಟ್ಟೆಯಿಂದ ಒರೆಸಿ, ಚಾಕುವನ್ನು ಮತ್ತೆ ಮತ್ತೆ ಶುಚಿಮಾಡುತ್ತಾ ಬೇಗ ಮುಗಿಸಬೇಕು. ಗಾಳಿಯಲ್ಲಿ ತೇವವಿರುವ ಮಳೆಗಾಲದ ಆರಂಭ ಅನುಕೂಲ. ಹತ್ತು ಗಿಡ ಬೇಕಿದ್ದರೆ ಇಪ್ಪತ್ತೈದಕ್ಕಾದರೂ ಕಸಿ ಕಟ್ಟುವುದು ಜಾಣತನ.

ಮುದಿ ಮರದಲ್ಲಿ ಸರಿಯಾದ ಕಡ್ಡಿ ಸಿಗದಿದ್ದರೆ ಒಂದೆರಡು ಕೊಂಬೆಗಳನ್ನು ಮೊದಲೇ ಸವರಿಬಿಟ್ಟು ಹೊಸ ಚಿಗುರು ಬರಿಸಿಕೊಳ್ಳಬೇಕು. ಆದ್ದರಿಂದ ಮರ ಮಾರುವ ಯೋಚನೆ ಬಂದಾಗಲೇ ಈ ಕೆಲಸ ಆರಂಭವಾಗಬೇಕು, ವ್ಯಾಪಾರಿ ಮುಂಗಡ ಕೊಟ್ಟ ಮೇಲಲ್ಲ.

ಕಸಿ ಗಿಡಗಳನ್ನು ನೀರು ನಿಲ್ಲದ ಜಾಗದಲ್ಲಿ 10 ಮೀಟರ್ ಅಂತರದಲ್ಲಿ ನೆಡಬಹುದು. ಕಸಿ ಗಂಟು ಮಣ್ಣಿನ ಮೇಲಿರಲಿ, ಅದರ ಕೆಳಗಿನ ಚಿಗುರು ಚಿವುಟುತ್ತಿರಲಿ. ಮೊದಲೆರಡು ಬೇಸಿಗೆ ನೀರು, ದನಕರುಗಳಿಂದ ರಕ್ಷಣೆ ಸಿಕ್ಕರೆ ನಾಲ್ಕೈದು ವರ್ಷಗಳಲ್ಲಿ ಕಾಯಿ ನಿರೀಕ್ಷಿಸಬಹುದು.

ನಾಟಾ ವಿಷಯದಲ್ಲಿ ಒಂದು ಮಾತು. ಬೆಲೆ ಇರುವುದು ಹಳದಿ ಕೇಚಿಗೆ, ಸುತ್ತಲಿನ ಬಿಳಿ ಮರಕ್ಕಲ್ಲ. ಗೆದ್ದಲು ಸುಲಭಕ್ಕೆ ಹತ್ತದ, ಕಾಲಕ್ರಮೇಣ ಕಂದುಗೆಂಪಿಗೆ ತಿರುಗುವ ಈ ಕೇಚಿನಿಂದಲೇ ಬಾಗಿಲು, ಪೀಠೋಪಕರಣಗಳಿಂದ ಹಿಡಿದು ತಂಜಾವೂರಿನ ವೀಣೆಯವರೆಗೆ ತಯಾರಾಗುತ್ತವೆ. ಕೇಚು ಕೂಡಲು ದಶಕಗಳೇ ಬೇಕು. ಎಳೆಯ ಮರ ಕಡಿದವನಿಗೆ ಹಣ್ಣೂ ಇಲ್ಲ, ಒಳ್ಳೆಯ ನಾಟಾ ಬೆಲೆಯೂ ಇಲ್ಲ. ಕಡಿಯುವ ಮತ್ತು ಸಾಗಿಸುವ ಅನುಮತಿಯ ಬಗ್ಗೆ ಸ್ಥಳೀಯ ಅರಣ್ಯ ಕಚೇರಿಯಲ್ಲಿ ಮೊದಲೇ ವಿಚಾರಿಸುವುದು ಒಳ್ಳೆಯದು. ಆ ಅವಧಿಯಲ್ಲಿ ಕಸಿ ಗಿಡಗಳೂ ಚಿಗುರಿರುತ್ತವೆ.