ಅಳತೆ ತಪ್ಪಿದ ಬಾಟಲಿ

2020ರ ಜೂನ್‌ನಲ್ಲಿ ಮಗಳು ಒಂದನೇ ಇಯತ್ತೆಗೆ ಸೇರಬೇಕಿತ್ತು. ಮಗ ಮೂರು ಮುಗಿಸಿ ನಾಲ್ಕಕ್ಕೆ ಹೋಗಬೇಕಿತ್ತು. ಪಾಟೀಚೀಲ, ಕೊಡೆ ಎಲ್ಲ ತಂದಾಗಿತ್ತು, ಶಾಲೆ ಮಾತ್ರ ತೆರೆಯಲಿಲ್ಲ. ಒಂದರಿಂದ ಐದರವರೆಗಿನ ಮಕ್ಕಳಿಗೆ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಮಗ ಅವತ್ತೇ ಓಡಿದ. ಮಗಳಿಗೆ ಉಬ್ಬಸ; ಇನ್ನಷ್ಟು ದಿನ ತಡೀರಿ ಎಂದರು ಡಾಕ್ಟರು. ಅವಳು 2022ರ ಬೇಸಿಗೆ ಮುಗಿಯುವ ತನಕ ಮನೆಯಲ್ಲೇ ಉಳಿದಳು. ಹೀಗಾಗಿ ಹಿರೇಕೆರೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಬಿ.ಎಸ್ಸಿ. ಪಾಸಾಗಿ ಸರ್ಟಿಫಿಕೇಟನ್ನು ಟ್ರಂಕಿನ ತಳಕ್ಕೆ ಹಾಕಿದ್ದ ನಾನು ಎರಡು ವರ್ಷ ಟೀಚರಾದೆ.

ಬೆಂಗಳೂರಿನಲ್ಲಿ ಬೇಕೆಂದೇ ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲಿ ಕಲಿಸುವವರಿದ್ದಾರೆ ಎಂದು ಓದಿದ್ದೆ. ನಮ್ಮದು ಹಾಗಲ್ಲ. 6ರಿಂದ 14 ವರ್ಷದ ಮಕ್ಕಳಿಗೆ ಶಾಲೆ ಹಕ್ಕೆಂದು ಹೇಳುವ ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ; ಅದರಲ್ಲಿ ಮನೆಶಾಲೆಯ ಹೆಸರೇ ಇಲ್ಲ. ನಾವು ಕಟ್ಟಿಕೊಂಡದ್ದು ಗತಿಯಿಲ್ಲದ ಮನೆಶಾಲೆ.

ಮೊದಲ ದಿನವೇ ವೇಳಾಪಟ್ಟಿ ಬರೆದು ಪಡಸಾಲೆಯ ಗೋಡೆಗೆ ಅಂಟಿಸಿದೆ. ಒಂಬತ್ತಕ್ಕೆ ಕನ್ನಡ, ಒಂಬತ್ತೂ ಮುಕ್ಕಾಲಿಗೆ ಗಣಿತ. ಅತ್ತೆ ಕಣ್ಣು ಕಿರಿದು ಮಾಡಿ ನೋಡಿ, "ಗಂಟಿ ಬಾರ್ಸಾಕ ನಾ ಬರ್ಲೇನವಾ?" ಅಂದರು. ಮೂರನೇ ದಿನ ಎಮ್ಮೆ ಕರು ಹಾಕಿತು, ವೇಳಾಪಟ್ಟಿ ಅಲ್ಲಿಗೆ ಮುಗಿಯಿತು. ಮಗನ ನಲಿ-ಕಲಿ ತರಗತಿಯಲ್ಲಿ ಮಕ್ಕಳು ಬರೆದದ್ದನ್ನು ತೂಗುಹಾಕುವ ಹಗ್ಗದ 'ಚಪ್ಪರ' ಇರುತ್ತಿತ್ತು. ಅದೊಂದನ್ನು ಮಾತ್ರ ಉಳಿಸಿಕೊಂಡೆವು. ಬಟ್ಟೆ ಒಣಹಾಕುವ ತಂತಿಗೆ ಕ್ಲಿಪ್ಪು ಸಿಕ್ಕಿಸಿ ಚಿತ್ರ, ಲೆಕ್ಕ, ಒಣ ಎಲೆ. ಮಳೆ ಬಂದರೆ ಮೊದಲು ಬಟ್ಟೆ ಒಳಗೆ, ಆಮೇಲೆ ವಿದ್ಯೆ.

ಮಳೆಯಿಂದಲೇ ನಮ್ಮ ವಿಜ್ಞಾನ ಶುರುವಾಯಿತು. ಮಿರಗ (ಮೃಗಶಿರಾ) ಮಳೆ ಕೂಡಿ ಎರಡು ದಿನವಾಗಿತ್ತು. ಮಳೆ ಅಳೆಯೋಣ ಎಂದೆ. ನೀರಿನ ಬಾಟಲಿ ತಂದು, ಸೀಮೆಎಣ್ಣೆ ಹುಯ್ಯುವ ದೊಡ್ಡ ಆಲಿಕೆಯನ್ನು ಬಾಯಿಗೆ ಸಿಕ್ಕಿಸಿ, ಸ್ಕೇಲಿನ ಗುರುತು ಹಾಕಿ ಮಾಳಿಗೆ ಮೇಲೆ ಇಟ್ಟೆವು. ರಾತ್ರಿ ಗುಡುಗಿ ಸುರಿಯಿತು. ಬೆಳಗ್ಗೆ ಮಗ ಬಾಟಲಿ ಹಿಡಿದು ಮೆಟ್ಟಿಲು ಇಳಿದ: 12 ಸೆಂಟಿಮೀಟರ್! 120 ಮಿಲಿಮೀಟರ್ ಮಳೆ! ನಾನೂ ಹಿಗ್ಗಿ ನೋಟುಬುಕ್ಕಿನಲ್ಲಿ ಬರೆಸಿದೆ.

ಅತ್ತೆ ಕೇಳಿದರು, "ಅಂದ್ರ ಎಷ್ಟೋ?" ಅವನು ಸ್ಕೇಲು ನಿಲ್ಲಿಸಿ ತೋರಿಸಿದ. "ಇಷ್ಟು ನೀರ ಬಿದ್ದಿದ್ರ ಕಣದಾಗ ಎಮ್ಮಿ ಈಸ್ತಿತ್ತು. ಬೋಗುಣ್ಯಾಗ ನೋಡ ಹೋಗು."

ಹಿತ್ತಲಲ್ಲಿ ನೆಟ್ಟನೆ ಅಂಚಿನ ಬೋಗುಣಿ ರಾತ್ರಿಯಿಡೀ ಮಳೆಗೆ ಬಾಯ್ದೆರೆದು ಕೂತಿತ್ತು. ಅದರಲ್ಲಿ ನಿಂತದ್ದು ಎರಡು ಬೆರಳು ದಪ್ಪದ ನೀರು. ಅಳೆದರೆ 3 ಸೆಂಟಿಮೀಟರ್.

ಬಿ.ಎಸ್ಸಿ. ಪದವೀಧರೆ ನಾಚಿಕೆಪಟ್ಟಳು. ಆಲಿಕೆಯ ಬಾಯಿ 12 ಸೆಂಟಿಮೀಟರ್ ಅಗಲ, ಬಾಟಲಿಯ ಹೊಟ್ಟೆ 6. ದೊಡ್ಡ ಬಾಯಲ್ಲಿ ಹಿಡಿದದ್ದು ಸಣ್ಣ ಹೊಟ್ಟೆಯಲ್ಲಿ ಎತ್ತರಕ್ಕೆ ನಿಂತಿತ್ತು. "ಹಂಗಾದ್ರ ಅರ್ಧಾ ಮಾಡೂಣು," ಅಂದ ಮಗ. ಅವಸರದಲ್ಲಿ ನಾನೂ ಹೂಂಗುಟ್ಟಿದೆ. ಅರ್ಧವೆಂದರೆ 6, ಬೋಗುಣಿ ಹೇಳುವುದು 3. ಇಡೀ ಮಧ್ಯಾಹ್ನ ತಲೆ ಕೆರೆದುಕೊಂಡೆವು. ಸೂತ್ರ ನನಗೆ ಗೊತ್ತಿತ್ತು, ಎಂಟು ವರ್ಷದವನಿಗೆ ಅದನ್ನು ಹೇಳಿದರೆ ಏನು ತಿಳಿದೀತು? ಕೊನೆಗೆ ಆಲಿಕೆಯನ್ನು, ಬಾಟಲಿಯನ್ನು ನೆಲದ ಮೇಲೆ ಬೋರಲಿಟ್ಟು ಸೀಮೆಸುಣ್ಣದಿಂದ ಎರಡು ವೃತ್ತ ಎಳೆದೆ. ಗೋವಿನಜೋಳದ ಕಾಳನ್ನು ಒತ್ತೊತ್ತಾಗಿ ಹರಡಿಸಿದೆ. ಸಣ್ಣ ವೃತ್ತದ ಕಾಳನ್ನು ಮಗಳು ಎಣಿಸಿದಳು, ದೊಡ್ಡದರದ್ದನ್ನು ಮಗ. ನಡುವೆ ಕೋಳಿ ಬಂದು ಒಂದಿಷ್ಟು ಲೆಕ್ಕ ತಿಂದಿತು, ಮತ್ತೆ ಮೊದಲಿಂದ. ಕೊನೆಗೆ ದೊಡ್ಡ ವೃತ್ತದಲ್ಲಿ ಹೆಚ್ಚುಕಡಿಮೆ ನಾಲ್ಕು ಪಟ್ಟು ಕಾಳು! ಅಗಲ ಎರಡು ಪಟ್ಟಾದರೆ ಜಾಗ ನಾಲ್ಕು ಪಟ್ಟು. ಹನ್ನೆರಡನ್ನು ನಾಲ್ಕರಿಂದ ಭಾಗಿಸಿದರೆ ಮೂರು. "ಅಜ್ಜಿ ಗೆದ್ಲು!" ಎಂದು ಇಬ್ಬರೂ ಕುಣಿದರು.

ನನ್ನ ಬಾಟಲಿ ಮೊದಲೇ ಸರಿಯಾಗಿದ್ದರೆ ನಾವು 30 ಮಿಲಿಮೀಟರ್ ಎಂದು ಬರೆದುಕೊಂಡು ಊಟಕ್ಕೆ ಕೂರುತ್ತಿದ್ದೆವು, ಅಷ್ಟೆ.

ಆಮೇಲೆ ಮಳೆಯ ನೋಟುಬುಕ್ಕಿಗೆ ಮೂರು ಕಂಬ ಬಂದವು: ತಾರೀಖು, ಮಿಲಿಮೀಟರ್, ಅಜ್ಜಿಯ ಮಾತು. 'ಹದ ಮಳಿ', 'ಬರೇ ಧೂಳ ಅಡಗ್ತು', 'ಒಡ್ಡು ಒಡಿಯೂ ಮಳಿ'. ಮಿರಗದಂಥ ಒಂದೊಂದು ಮಳೆ ನಕ್ಷತ್ರಕ್ಕೆ ಹದಿಮೂರು-ಹದಿನಾಲ್ಕೇ ದಿನ ಯಾಕೆ ಎಂದು ಮಗ ಕೇಳಿದ. ಸೂರ್ಯ ವರ್ಷದಲ್ಲಿ 27 ನಕ್ಷತ್ರ ದಾಟುತ್ತಾನೆ, 365ನ್ನು 27ಕ್ಕೆ ಹಂಚು ಎಂದೆ. ಹದಿಮೂರೂವರೆ ಬಂತು. ಅತ್ತೆಗೆ ಇದರಲ್ಲಿ ಏನೂ ವಿಶೇಷ ಕಾಣಲಿಲ್ಲ.

ಇನ್ನೊಂದು ತಪ್ಪು ಇಷ್ಟು ಸಿಹಿಯಾಗಿ ಮುಗಿಯಲಿಲ್ಲ. ಗೋವಿನಜೋಳದ ಸುಳಿ ತಿನ್ನುವ ಫಾಲ್ ಸೈನಿಕ ಹುಳು ನಮ್ಮ ದೇಶದಲ್ಲಿ ಮೊದಲು ಕಂಡದ್ದೇ 2018ರಲ್ಲಿ, ನಮ್ಮ ಪಕ್ಕದ ಶಿವಮೊಗ್ಗ ಜಿಲ್ಲೆಯಲ್ಲಿ. ನಮ್ಮ ಹೊಲಕ್ಕೆ ಬರಲು ಅದಕ್ಕೆ ಬಸ್ಸು ಬೇಕಿರಲಿಲ್ಲ. ಹುಳು ಚಿಟ್ಟೆಯಾಗುವುದನ್ನು ನೋಡೋಣವೆಂದು ಐದು ಹುಳ ಹಿಡಿದು ಹಾರ್ಲಿಕ್ಸ್ ಬಾಟಲಿಗೆ ಎಲೆಯ ಜೊತೆ ಹಾಕಿ, ಮುಚ್ಚಳಕ್ಕೆ ತೂತು ಹೊಡೆದೆವು. ತಲೆಯ ಮೇಲೆ ಇಂಗ್ಲಿಷಿನ ವೈ ಅಕ್ಷರ ತಲೆಕೆಳಗಾಗಿ ಬರೆದಂಥ ಗೆರೆ, ಬಾಲದ ಹತ್ತಿರ ಚೌಕಾಕಾರವಾಗಿ ನಾಲ್ಕು ಚುಕ್ಕೆ. ಮಗಳು ಅದನ್ನೆಲ್ಲ ಕಂಡುಹಿಡಿದು ಚಿತ್ರ ಬರೆದಳು. ಮರುದಿನ ಬೆಳಗ್ಗೆ ಎರಡೇ ಇದ್ದವು. ಸಂಜೆಗೆ ಒಂದು.

"ಉಳಿದಾವ ಎಲ್ಲಿ ಹೋದುವು ಅವ್ವಾ?"

ಮುಚ್ಚಳ ಸಡಿಲಿತ್ತು, ಓಡಿಹೋಗಿರಬೇಕು ಎಂದೆ. ಅದು ಸುಳ್ಳು. ಈ ಹುಳು ಒತ್ತಟ್ಟಿಗಿದ್ದರೆ ಒಂದನ್ನೊಂದು ತಿನ್ನುತ್ತದೆ. ಅರ್ಧ ತಿಂದ ದೇಹ ಎಲೆಯಡಿ ಬಿದ್ದದ್ದನ್ನು ನಾನು ನೋಡಿದ್ದೆ. ಆರು ವರ್ಷದವಳಿಗೆ ಅದು ಬೇಡ ಅನ್ನಿಸಿತ್ತು. ಎರಡು ದಿನದ ಮೇಲೆ ಅವಳೇ ಇನ್ನೆರಡು ಹುಳ ತಂದು ಹಾಕಿ, ಮುಚ್ಚಳ ಬಿಗಿ ಮಾಡಿ, ಮುಂದೆ ಕೂತು ಎಲ್ಲವನ್ನೂ ನೋಡಿದಳು. ಅತ್ತಳು. ಅತ್ತದ್ದು ಹುಳಕ್ಕಿಂತ ಹೆಚ್ಚಾಗಿ ನನ್ನ ಮಾತಿಗೆ. ಆಮೇಲೆ ಒಂದೊಂದು ಲೋಟಕ್ಕೆ ಒಂದೊಂದು ಹುಳ ಇಟ್ಟು, ತಳಕ್ಕೆ ಮಣ್ಣು ಹಾಕಿ ಸಾಕಿದೆವು. ಮಣ್ಣಿನಲ್ಲಿ ಕೋಶವಾಗಿ, ಒಂದು ರಾತ್ರಿ ಬೂದಿ ಬಣ್ಣದ ಪತಂಗವಾಗಿ ಹೊರಬಂತು. ಬಣ್ಣದ ಚಿಟ್ಟೆಗೆ ಕಾದಿದ್ದವಳಿಗೆ ನಿರಾಸೆ. ನಮ್ಮ ಯಜಮಾನರು ಅದನ್ನು ನೋಡಿದವರೇ ಚಪ್ಪಲಿಯಲ್ಲಿ ಒರೆಸಿ ಹಾಕಿದರು. ಒಂದು ಹೆಣ್ಣು ಪತಂಗ ಸಾವಿರಕ್ಕೂ ಮೇಲೆ ಮೊಟ್ಟೆ ಇಡುತ್ತದೆ; ರೈತನಿಗೆ ಅದು ಪಾಠದ ವಸ್ತುವಲ್ಲ. ಅವರದೂ ಸರಿಯೇ.

ಸಣ್ಣಪುಟ್ಟವು ಇನ್ನೂ ಇದ್ದವು. ಬ್ಯಾಡಗಿ ಮೆಣಸಿನಕಾಯಿ ಪುಡಿಯನ್ನು ಒಂದು ಲೋಟ ನೀರಿಗೆ, ಒಂದು ಲೋಟ ಎಣ್ಣೆಗೆ ಹಾಕಿಟ್ಟೆವು. ಎಣ್ಣೆ ಕೆಂಪೇರಿತು, ನೀರು ಪೇಲವವಾಗಿಯೇ ಉಳಿಯಿತು. ಒಗ್ಗರಣೆಯಲ್ಲಿ ದಿನಾ ನೋಡುವುದೇ. ಆ ಎಣ್ಣೆ ಚುರುಮುರಿಗೆ ಹೋಯಿತು.

ನೆರಳಿನ ಕಥೆಯನ್ನು ಹೇಳಲೇಬೇಕು. ನಮ್ಮ ಸೀಮೆಯಲ್ಲಿ ವರ್ಷಕ್ಕೆ ಎರಡು ದಿನ ಸೂರ್ಯ ನಡುಮಧ್ಯಾಹ್ನ ನೆತ್ತಿಗೆ ಸರಿಯಾಗಿ ಬರುತ್ತಾನೆ, ನೆಟ್ಟಗೆ ನಿಂತ ವಸ್ತುವಿಗೆ ನೆರಳೇ ಇರುವುದಿಲ್ಲ. ಹಿರೇಕೆರೂರಿಗೆ ಅದು ಏಪ್ರಿಲ್ 29ರ ಸುಮಾರಿಗೆ, ಮತ್ತೆ ಆಗಸ್ಟ್ ನಡುವೆ. ಆಗಸ್ಟಿನಲ್ಲಿ ಮೋಡ, ಏನೂ ಕಾಣದು. 2021ರ ಏಪ್ರಿಲ್‌ನಲ್ಲಿ ಮತ್ತೆ ಕರ್ಫ್ಯೂ ಬಿದ್ದು ಎಲ್ಲರೂ ಮನೆಯಲ್ಲಿದ್ದೆವು. ಅಂಗಳದಲ್ಲಿ ಒನಕೆ ನಿಲ್ಲಿಸಿ, ಗಾರೆ ಕೆಲಸದ ತೂಗುಗುಂಡು ಹಿಡಿದು ನೆಟ್ಟಗಿದೆಯೆಂದು ನೋಡಿಕೊಂಡೆವು. ಸರಿಯಾಗಿ ಹನ್ನೆರಡಕ್ಕೆ ನೋಡಿದರೆ ಪಡುವಣ ಮಗ್ಗುಲಿಗೆ ನೆರಳು ಇನ್ನೂ ಇದೆ. ಹತ್ತು ನಿಮಿಷ ಕಾದ ಮಗ, "ಪುಸ್ತಕದಾಗ ಸುಳ್ಳು ಬರದಾರ," ಎಂದು ಒಳಗೆ ಹೋದ. ನಾನೂ ರೊಟ್ಟಿ ಹಂಚಿನ ಕಡೆ ನಡೆದೆ. ಮಗಳು ಗೊಂಬೆ ಹಿಡಿದು ಅಲ್ಲೇ ಆಡುತ್ತ ಕೂತಿದ್ದಳು. ಹನ್ನೆರಡೂವರೆಗೆ ಸ್ವಲ್ಪ ಮೊದಲು ಅವಳ ಕೂಗು: "ಅವ್ವಾ, ಒನಕಿ ನೆಳ್ಳ ನುಂಗೇತಿ!"

ನಮ್ಮ ಗಡಿಯಾರ ಹೇಳುವುದು 82.5 ಡಿಗ್ರಿ ರೇಖಾಂಶದ ಸಮಯ. ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾಯುವ ಗೆರೆ ಅದು. ನಾವಿರುವುದು ಅದಕ್ಕೆ ಏಳು ಡಿಗ್ರಿ ಪಶ್ಚಿಮಕ್ಕೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ಸೂರ್ಯ ನಮ್ಮ ನೆತ್ತಿಗೆ ಅರ್ಧ ಗಂಟೆಯಷ್ಟು ತಡವಾಗಿ ಬರುತ್ತಾನೆ. ಅಂದು ಲೆಕ್ಕಕ್ಕೆ ಬರುವುದು 12 ಗಂಟೆ 26 ನಿಮಿಷದ ಹೊತ್ತು. ಅವಸರದವರಿಗೆ ತಪ್ಪಿದ್ದು ಆಡುತ್ತಿದ್ದವಳಿಗೆ ಸಿಕ್ಕಿತು. ಮಗ ಇವತ್ತಿಗೂ ಅದನ್ನು ನೆನೆದು ಮುಖ ಗಂಟಿಕ್ಕುತ್ತಾನೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ನಾಲ್ಕು ಜನರ ಮುಂದೆ ಹೆಮ್ಮೆಯಿಂದ ಹೇಳಿಕೊಂಡದ್ದೇ. ಹೇಳಿಕೊಳ್ಳದ್ದು ಒಂದಿದೆ.

ಆ ವರ್ಷ ನಾವು ಇಪ್ಪತ್ತು ಗುಂಟೆಯಲ್ಲಿ ಹತ್ತಿ ಬೀಜೋತ್ಪಾದನೆ ಹಿಡಿದಿದ್ದೆವು. ಹಾವೇರಿ ಜಿಲ್ಲೆಯ ಮಂದಿಗೆ ಕ್ರಾಸಿಂಗ್ ಎಂದರೆ ಬಿಡಿಸಿ ಹೇಳಬೇಕಿಲ್ಲ. ಸಂಜೆ, ನಾಳೆ ಅರಳಲಿರುವ ಮೊಗ್ಗಿನ ಪಕಳೆಯನ್ನೂ ಕೇಸರವನ್ನೂ ಹೆಬ್ಬೆರಳ ಉಗುರಿನಿಂದ ಸುಲಿದು ತೆಗೆದು ಗುರುತು ಕಟ್ಟಬೇಕು. ಬೆಳಗ್ಗೆ ಗಂಡು ಸಾಲಿನ ಹೂ ತಂದು ಅದರ ಪರಾಗವನ್ನು ಉಳಿದ ಶಲಾಕೆಯ ತುದಿಗೆ ಸವರಬೇಕು. ಧಾರವಾಡದಲ್ಲಿ ಹುಟ್ಟಿದ ವರಲಕ್ಷ್ಮಿ ಹತ್ತಿ 1972ರಲ್ಲಿ ಬಂದ ಮೇಲೆ ಈ ಕೆಲಸ ನಮ್ಮ ಕಡೆಯ ಹೆಂಗಸರ ಬೆರಳಿಗೆ ಅಂಟಿತು. ಅತ್ತೆ ಮದುವೆಯಾಗಿ ಬಂದ ಹೊಸತರಲ್ಲಿ ಮಾಡಿದ್ದೂ ಇದನ್ನೇ. ಹೂವಿನ ಭಾಗಗಳು ಎಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಎಲ್ಲಿದೆ? ಮಕ್ಕಳನ್ನು ಕರೆದುಕೊಂಡು ಹೋದೆ. ಮೊದಲ ದಿನ ಕೆನೆ ಬಣ್ಣ ಇದ್ದ ಹೂ ಮರುದಿನ ಕೆಂಪಗಾಗುವುದನ್ನು ಮಗ ಬರೆದುಕೊಂಡ. ಮಗಳು ಹಿತ್ತಲ ದಾಸವಾಳ, ಬೆಂಡಿ ಹೂ, ಹತ್ತಿ ಹೂ ಸಾಲಾಗಿಟ್ಟು, "ಮೂರೂ ಅಕ್ಕ-ತಂಗ್ಯಾರು ಅನಸ್ತೈತಿ," ಅಂದಳು. ನಿಜ, ಮೂರೂ ಒಂದೇ ಕುಟುಂಬದವು. ಯಾರೂ ಹೇಳಿಕೊಡದೆ ಹೇಳಿದ್ದಳು.

ಅದೇ ಸಾಲಿನಲ್ಲಿ ಕೂಲಿಗೆ ಬಂದ ಹೆಣ್ಣುಮಗಳ ಜೊತೆ ಅವಳ ಹುಡುಗನೂ ಇದ್ದ, ಹತ್ತು ವರ್ಷದವನಿರಬೇಕು. ಶಾಲೆ ಇಲ್ಲವಲ್ಲ, ತಾಯಿಯ ಹಿಂದೆ ಬಂದಿದ್ದ. ಕೂಲಿ ತಾಯಿಗೆ ಮಾತ್ರ, ಕೈ ಇಬ್ಬರದು. ನನ್ನ ಮಗ ಆ ಸಂಜೆ ಹನ್ನೊಂದು ಮೊಗ್ಗು ಮುರಿದ. ಮುರಿದಾಗಲೆಲ್ಲ ನಕ್ಕೆವು, ಯಾಕೆ ಮುರಿಯಿತೆಂದು ಮಾತಾಡಿದೆವು, ಇನ್ನೊಂದು ಕೊಟ್ಟೆವು. ಆ ಹುಡುಗ ಮುರಿದದ್ದು ಒಂದೇ. ತಾಯಿ ನನ್ನ ಕಡೆ ಒಮ್ಮೆ ನೋಡಿ ಅವನ ಬೆನ್ನಿಗೆ ಗುದ್ದಿದಳು.

ಹದಿನಾಲ್ಕರೊಳಗಿನವರನ್ನು ದುಡಿಸುವುದು ಕಾಯ್ದೆಯಲ್ಲಿ ಅಪರಾಧ. ಅದು ನನಗೂ ಗೊತ್ತಿತ್ತು, ಯಜಮಾನರಿಗೂ ಗೊತ್ತಿತ್ತು. ಹೂವಿನ ವಿಷಯದಲ್ಲಿ ಆ ಹುಡುಗ ನನ್ನ ಮಗನಿಗಿಂತ ಹೆಚ್ಚು ತಿಳಿದವನಾಗಿದ್ದ. ಕೈಯಾರೆ ಮಾಡಿ ಕಲಿಯುವುದೇ ಶ್ರೇಷ್ಠ ಎಂದು ನಾನು ಭಾಷಣ ಬಿಗಿಯುತ್ತಿದ್ದೆ. ಹಾಗಾದರೆ ಅವನೇ ಮೊದಲ ರ‍್ಯಾಂಕು. ಆದರೆ ಅವನಿಗೆ ಹನ್ನೊಂದು ಮೊಗ್ಗು ಮುರಿಯುವ ಬಿಡುವಿರಲಿಲ್ಲ, ಮುರಿದದ್ದಕ್ಕೆ ಕಾರಣ ಕೇಳುವವರಿರಲಿಲ್ಲ. ನಾಳೆಯಿಂದ ಮಗನನ್ನು ಕರೆತರಬೇಡ ಎಂದು ತಾಯಿಗೆ ಹೇಳಿದೆ. ಅವಳು ಬೇರೆಯವರ ಹೊಲಕ್ಕೆ ಹೋದಳು, ಅವನನ್ನು ಕರೆದುಕೊಂಡು. ಸಂಜೆ ನಮ್ಮ ಕಟ್ಟೆಗೆ ಬಾ ಎಂದು ಹುಡುಗನನ್ನು ಕರೆದಿದ್ದೆ. ಮೂರು ದಿನ ಬಂದ. ಮೂರನೇ ದಿನ ಪುಸ್ತಕದ ಮೇಲೆ ತಲೆಯಿಟ್ಟು ನಿದ್ದೆ ಹೋದ. ಆಮೇಲೆ ಬರಲಿಲ್ಲ.

ನನ್ನ ಮಕ್ಕಳಿಗೂ ಎಲ್ಲ ಸಿಕ್ಕಿತು ಎನ್ನಲಾರೆ. ಮಗಳು ಒತ್ತಕ್ಷರಕ್ಕೆ ಬಂದಾಗಲೆಲ್ಲ ನಾನು ತಾಳ್ಮೆಗೆಟ್ಟೆ, ಎರಡು ಬಾರಿ ಕೈಯನ್ನೂ ಮಾಡಿದೆ. ಶಾಲೆಯ ಅಕ್ಕೋರು ಹೊಡೆದಿದ್ದರೆ ಹೋಗಿ ಜಗಳ ಮಾಡುತ್ತಿದ್ದೆ. 2020ರ ಆಗಸ್ಟಿನಲ್ಲಿ ಸರ್ಕಾರ ವಿದ್ಯಾಗಮ ಶುರುಮಾಡಿ ಮಾಸ್ತರು ಗುಡಿ ಕಟ್ಟೆಗೇ ಬಂದು ಪಾಠ ಹೇಳತೊಡಗಿದಾಗ, ಉಬ್ಬಸ ಕಡಿಮೆಯಿದ್ದ ದಿನಗಳಲ್ಲಿ ಅವಳನ್ನೂ ಕೂರಿಸಿದೆ. ಎರಡು ತಿಂಗಳಲ್ಲಿ ಅಕ್ಟೋಬರ್ ಹೊತ್ತಿಗೆ ಅದೂ ನಿಂತಿತು. ಆದರೆ ನಾನು ತಿಂಗಳುಗಟ್ಟಲೆ ಹೆಣಗಿದ 'ಅಕ್ಕ'ನ ಕಾವೊತ್ತನ್ನು ಅವಳು ಅಲ್ಲಿ ಒಂದು ವಾರದಲ್ಲಿ ಕಲಿತಳು. ಕಲಿಸಿದ್ದು ಮಾಸ್ತರಲ್ಲ, ಪಕ್ಕದಲ್ಲಿ ಕೂತ ಮೂರನೇ ಇಯತ್ತೆಯ ಹುಡುಗಿ. ಅಂಥ ಹುಡುಗಿಯನ್ನು ಮನೆಯಲ್ಲಿ ಎಲ್ಲಿಂದ ತರಲಿ? ಸರ್ವಜ್ಞ ನಮ್ಮವನು ಎನ್ನುವ ಸೀಮೆಯವರು ನಾವು, ಎಲ್ಲ ಬಲ್ಲೆವೆಂಬ ಚಟ ರಕ್ತದಲ್ಲೇ ಇರಬೇಕು. ಆ ಕಟ್ಟೆಯ ಮುಂದೆ ನನ್ನ ಚಟ ಸ್ವಲ್ಪ ಇಳಿಯಿತು.

ಹಾಗಾಗಿ, ಮಕ್ಕಳನ್ನು ಶಾಲೆ ಬಿಡಿಸಿ ಮನೆಯಲ್ಲೇ ಕಲಿಸಲೇ ಎಂದು ಯಾರಾದರೂ ನನ್ನನ್ನು ಕೇಳಿದರೆ ಬೇಡ ಎನ್ನುತ್ತೇನೆ. ಶಾಲೆಗೆ ಕಳಿಸಿ, ಸಂಜೆ, ರವಿವಾರ ಮನೆಯಲ್ಲಿ ಅಳೆಯಿರಿ, ಮುರಿಯಿರಿ.

ಮಳೆಯ ನೋಟುಬುಕ್ಕು ಈಗ ಮಗಳ ವಶದಲ್ಲಿದೆ, ಅಜ್ಜಿಯ ಕಂಬ ಇನ್ನೂ ಮುಂದುವರಿದಿದೆ. ಬಾಟಲಿ ಕಟ್ಟುವವರಿಗೆ ಒಂದು ಮಾತು: ಆಲಿಕೆ ಬೇಡ. ಎರಡು ಲೀಟರಿನ ಬಾಟಲಿಯ ಮೇಲ್ಭಾಗ ಕತ್ತರಿಸಿ ಅದನ್ನೇ ಬೋರಲಾಗಿ ಒಳಗೆ ಕೂರಿಸಿ, ಆಗ ಬಾಯಿ-ಹೊಟ್ಟೆ ಒಂದೇ ಅಗಲ ಆಗುತ್ತದೆ. ತಳದ ಉಬ್ಬುತಗ್ಗು ಮುಚ್ಚುವಷ್ಟು ನೀರು ಮೊದಲೇ ಹಾಕಿ, ಅಲ್ಲಿಗೆ ಸೊನ್ನೆ ಗುರುತು ಮಾಡಿ. ಪಕ್ಕದಲ್ಲಿ ಒಂದು ಬೋಗುಣಿಯನ್ನೂ ಇಡಿ.