ಅಂಕಿಯಿಂದ ನಾದಕ್ಕೆ

ಗಣಕಯಂತ್ರದಲ್ಲಿ ಸಂಗೀತವು ಅಂಕಿಗಳ ರೂಪದಲ್ಲಿ ಅಡಗಿರುತ್ತದೆ. 1982ರಲ್ಲಿ ಮಾರುಕಟ್ಟೆಗೆ ಬಂದ ಕಾಂಪ್ಯಾಕ್ಟ್ ಡಿಸ್ಕಿನ ಕ್ರಮವನ್ನೇ ನೋಡೋಣ. ಧ್ವನಿತರಂಗದ ಏರಿಳಿತವನ್ನು ಸೆಕೆಂಡಿಗೆ 44,100 ಸಲ ಅಳೆದು, ಒಂದೊಂದು ಅಳತೆಯನ್ನೂ 16 ಬಿಟ್ಟುಗಳಲ್ಲಿ ಬರೆದಿಡುತ್ತಾರೆ. ಎಡ ಬಲ ಎರಡೂ ವಾಹಿನಿಗಳು ಸೇರಿದರೆ ಸೆಕೆಂಡಿಗೆ 14,11,200 ಬಿಟ್ಟುಗಳಾದುವು. ಆದರೆ ಕಿವಿಗೆ ಬೇಕಾದುದು ಅಂಕಿಯಲ್ಲ, ಅಲೆ. ಈ ಪರಿವರ್ತನೆ ಎಲ್ಲಿ ನಡೆಯಬೇಕೆಂಬುದೇ ಇಲ್ಲಿಯ ಮುಖ್ಯ ಪ್ರಶ್ನೆ.

ಸಾಮಾನ್ಯವಾಗಿ ಅದು ಗಣಕಯಂತ್ರದೊಳಗೇ ನಡೆಯುತ್ತದೆ. ಅಲ್ಲಿಂದ ಹೊರಟ ದುರ್ಬಲವಾದ ಅಲೆಯೊಡನೆ ಯಂತ್ರದ ವಿದ್ಯುತ್ ಗದ್ದಲವೂ ಬೆರೆಯಬಹುದು. ಮೇಲಾಗಿ, ಗಣಕಯಂತ್ರಕ್ಕೂ ಧ್ವನಿಯನ್ನು ಹಿಗ್ಗಿಸುವ ರಿಸೀವರಿಗೂ ಬೇರೆ ಬೇರೆ ಕಡೆ ಅರ್ಥಿಂಗ್ ಇದ್ದರೆ, ನಡುವಣ ತಂತಿಯ ಹೊದಿಕೆಯಲ್ಲಿ ವಿದ್ಯುತ್ತು ಹರಿದು 'ಗುಂಯ್' ಎಂಬ ಸದ್ದು ಕೇಳಿಸುತ್ತದೆ. ನಮ್ಮ ದೇಶದ ವಿದ್ಯುತ್ತಿನ 50 ಆವರ್ತಗಳೇ ಇದರ ಮೂಲ.

ಅಂಕಿಗಳನ್ನು ಹಾಗೆಯೇ ಕಳುಹಿಸಿ, ರಿಸೀವರಿನಲ್ಲಿ ಅಲೆಯಾಗಿಸುವುದು ಎರಡನೆಯ ಮಾರ್ಗ. ಸೋನಿ ಮತ್ತು ಫಿಲಿಪ್ಸ್ ಸಂಸ್ಥೆಗಳು ರೂಪಿಸಿದ ಈ ಕ್ರಮಕ್ಕೆ ಎಸ್‌ಪಿಡಿಫ್ ಎಂದು ಹೆಸರು. ಇದಕ್ಕೆ 75 ಓಮ್‌ನ ತಾಮ್ರದ ತಂತಿಯನ್ನು ಬಳಸಬಹುದು. ಇಲ್ಲವೆ 1983ರಲ್ಲಿ ತೋಷಿಬಾ ಸಂಸ್ಥೆ ತಂದ ಟಾಸ್‌ಲಿಂಕ್ ಎಂಬ ಬೆಳಕಿನ ಎಳೆಯನ್ನು ಬಳಸಬಹುದು. ಎಳೆಯಲ್ಲಿ ಸಾಗುವುದು ಕೆಂಪು ಬೆಳಕಿನ ಮಿಡಿತವೇ ಹೊರತು ವಿದ್ಯುತ್ತಲ್ಲ. ಆದುದರಿಂದ ಆ ದಾರಿಯಾಗಿ ಬರುತ್ತಿದ್ದ ಗುಂಯ್‌ಕಾರ ಅಲ್ಲಿಗೇ ನಿಲ್ಲುತ್ತದೆ. ಈ ಎಳೆಯನ್ನು ಮಾತ್ರ ಚೂಪಾಗಿ ಬಗ್ಗಿಸಬಾರದು.

ಆದರೆ ಇದಕ್ಕೊಂದು ಮಿತಿಯುಂಟು. ಸಂಕುಚಿಸದ ಧ್ವನಿಯಾದರೆ ಇದರಲ್ಲಿ ಎರಡೇ ವಾಹಿನಿಗಳು ಹಿಡಿಯುತ್ತವೆ. ಚಲನಚಿತ್ರದ ಆರು ವಾಹಿನಿಗಳ ಧ್ವನಿಯನ್ನು ಡಾಲ್ಬಿ ಡಿಜಿಟಲ್ ಅಥವಾ ಡಿಟಿಎಸ್ ಕ್ರಮದಲ್ಲಿ ಸಂಕುಚಿಸಿ ಕಳುಹಿಸಿದರೆ, ರಿಸೀವರು ಅದನ್ನು ಬಿಡಿಸಿ ಸ್ಪೀಕರುಗಳಿಗೆ ಹಂಚುತ್ತದೆ. ಗಣಕಯಂತ್ರವು ಆ ಧ್ವನಿಯನ್ನು ತಾನೇ ಬಿಡಿಸದೆ ಹಾಗೆಯೇ ದಾಟಿಸುವಂತೆ ನಾವು ಮೊದಲೇ ಹೊಂದಿಸಿರಬೇಕು. ಇಲ್ಲದಿದ್ದರೆ ರಿಸೀವರಿಗೆ ಎರಡೇ ವಾಹಿನಿಗಳು ತಲುಪಿಯಾವು. 2002ರಲ್ಲಿ ಬಂದ ಎಚ್‌ಡಿಎಂಐ ತಂತಿಯಲ್ಲಾದರೋ ಎಂಟು ವಾಹಿನಿಗಳು ಸಂಕುಚಿಸದೆಯೇ ಸಾಗಬಲ್ಲವು.

ಬೆಳಕಿನ ಎಳೆ ಕೆಟ್ಟ ಧ್ವನಿಮುದ್ರಣವನ್ನು ಒಳ್ಳೆಯದಾಗಿಸದು. ಅಂಕಿಗಳು ತಪ್ಪಿಲ್ಲದೆ ತಲುಪುತ್ತಿರುವಾಗ ಹೆಚ್ಚು ಬೆಲೆಯ ಎಳೆಯನ್ನು ತಂದು ಹಾಕಿದರೆ ನಾದಕ್ಕೆ ಹೊಸ ಮಾಧುರ್ಯವೂ ಬಾರದು. ಹಾಗೆಯೇ, ಎಚ್‌ಡಿಎಂಐ ಇಲ್ಲವೆಂಬ ಒಂದೇ ಕಾರಣಕ್ಕೆ ಹಳೆಯ ರಿಸೀವರನ್ನು ಮೂಲೆಗೆ ತಳ್ಳಬೇಕಾಗಿಲ್ಲ. ಅದರ ಬೆನ್ನಿನಲ್ಲಿ ಬೆಳಕಿನ ಎಳೆಯ ಕಿಂಡಿ ಇದೆಯೆ ಎಂದು ಮೊದಲು ನೋಡಬೇಕು. ಇದ್ದರೆ ಎರಡು ವಾಹಿನಿಯ ಸಂಗೀತಕ್ಕೆ ಅಷ್ಟೇ ಸಾಕು. ತಿಳಿದು ಜೋಡಿಸುವವನಿಗೆ ಹಣವೂ ಉಳಿದೀತು, ನಾದವೂ ಶುದ್ಧವಾಗಿ ದೊರೆತೀತು.